ಅಮೆರಿಕದಲ್ಲಿ ಆಡುವ ಗಾಲ್ಫರ್‌ಗೆ ರಾಜ್ಯ ತೆರಿಗೆಯ ಲೆಕ್ಕ: ಮನೆ ಹುಡುಕುವ ಮೊದಲು ಮಾಡಬೇಕಾದ್ದು

ಹಾಸನದಲ್ಲಿದ್ದರೂ ಮುಂಬೈಯಲ್ಲಿದ್ದರೂ ಆದಾಯ ತೆರಿಗೆ ಒಂದೇ. ಸಂವಿಧಾನದ ಏಳನೇ ಅನುಸೂಚಿ ಕೃಷಿ ಆದಾಯದ ತೆರಿಗೆಯನ್ನಷ್ಟೇ ರಾಜ್ಯಗಳಿಗೆ ಬಿಟ್ಟು, ಮಿಕ್ಕಿದ್ದನ್ನೆಲ್ಲ ಕೇಂದ್ರಕ್ಕೆ ಕೊಟ್ಟಿದೆ. ಅದರಾಚೆ ರಾಜ್ಯ ಕೇಳುವುದೇನಿದ್ದರೂ ವೃತ್ತಿ ತೆರಿಗೆ, ವರ್ಷಕ್ಕೆ ಹೆಚ್ಚೆಂದರೆ 2,500 ರೂಪಾಯಿ. ಹಾಗಾಗಿ ಚಿಕ್ಕಮಗಳೂರಿನ ಕೋರ್ಸಿನಲ್ಲಿ ಕೈ ಪಳಗಿಸಿಕೊಂಡು ಭಾರತದ ವೃತ್ತಿಪರ ಗಾಲ್ಫ್ ಟೂರ್ ಪಿಜಿಟಿಐ ಆಡುತ್ತಿರುವವರಿಗೆ ‘ಯಾವ ರಾಜ್ಯ’ ಎಂಬ ಪ್ರಶ್ನೆಯೇ ಏಳುವುದಿಲ್ಲ. ಅಮೆರಿಕದ ಟೂರ್‌ಗೆ ಕಾರ್ಡ್, ಅಂದರೆ ಆಡುವ ಅರ್ಹತೆ, ಸಿಕ್ಕ ದಿನ ಏಳುತ್ತದೆ.

ಅಲ್ಲಿ ಫೆಡರಲ್ (ಕೇಂದ್ರದ) ತೆರಿಗೆ ಬೇರೆ, ರಾಜ್ಯದ ತೆರಿಗೆ ಬೇರೆ. ಫ್ಲಾರಿಡಾ, ಟೆಕ್ಸಾಸ್, ನೆವಾಡಾ, ಟೆನೆಸಿ ರಾಜ್ಯಗಳಲ್ಲಿ ದುಡಿಮೆಯ ಮೇಲೆ ಆದಾಯ ತೆರಿಗೆಯೇ ಇಲ್ಲ. ಅರಿಝೋನಾದಲ್ಲಿ ಶೇ 2.5. ಕ್ಯಾಲಿಫೋರ್ನಿಯಾದಲ್ಲಿ ಹತ್ತು ಲಕ್ಷ ಡಾಲರ್ ದಾಟಿದ ಭಾಗಕ್ಕೆ ಶೇ 13.3. ಟೈಗರ್ ವುಡ್ಸ್ ಹುಟ್ಟೂರಿನ ಕ್ಯಾಲಿಫೋರ್ನಿಯಾ ಬಿಟ್ಟು 1996ರಲ್ಲಿ ಫ್ಲಾರಿಡಾ ಸೇರಿದ್ದು ಇದೇ ಕಾರಣಕ್ಕೆ. 2013ರ ಜನವರಿಯಲ್ಲಿ ಅವರೇ ಹೇಳಿಕೊಂಡರು. ಅದೇ ತಿಂಗಳು ತೆರಿಗೆಯ ಬಗ್ಗೆ ಗೊಣಗಿದ ಫಿಲ್ ಮಿಕೆಲ್ಸನ್ ಕ್ಷಮೆ ಕೇಳಬೇಕಾಯಿತು, ಮುಂದೆ ಅವರೂ ಫ್ಲಾರಿಡಾದ ದಾರಿ ಹಿಡಿದರು. ಇದನ್ನೆಲ್ಲ ಓದಿದ ನಮ್ಮವರು ‘ಫ್ಲಾರಿಡಾದಲ್ಲಿ ಮನೆ ಮಾಡಿದರೆ ರಾಜ್ಯ ತೆರಿಗೆ ಇಲ್ಲ’ ಎಂದು ತೀರ್ಮಾನಿಸಿಬಿಡುತ್ತಾರೆ. ಅದು ಅರ್ಧ ಮಾತ್ರ ನಿಜ.

ಬಹುಮಾನದ ಹಣಕ್ಕೆ ಮೊದಲ ಹಕ್ಕು ಆಟ ನಡೆದ ರಾಜ್ಯದ್ದು. ನೀವು ಎಲ್ಲಿ ಮಲಗುತ್ತೀರಿ ಎಂಬುದು ಆಮೇಲಿನ ಮಾತು. 2022ರ ಪ್ಲೇಯರ್ಸ್ ಚಾಂಪಿಯನ್‌ಶಿಪ್‌ನಲ್ಲಿ ಎರಡನೆಯವರಾದ ಅನಿರ್ಬಾನ್ ಲಾಹಿರಿ ಅವರಿಗೆ ಬಂದದ್ದು 21.8 ಲಕ್ಷ ಡಾಲರ್. ಆಟ ಫ್ಲಾರಿಡಾದ ಪಾಂಟೆ ವೆಡ್ರಾದಲ್ಲಿ ನಡೆದದ್ದರಿಂದ ಆತಿಥೇಯ ರಾಜ್ಯಕ್ಕೆ ಹೋಗುವ ತೆರಿಗೆ ಸೊನ್ನೆ. ಅಷ್ಟೇ ಹಣ ಸ್ಯಾನ್ ಡಿಯಾಗೋದ ಟಾರಿ ಪೈನ್ಸ್‌ನಲ್ಲಿ ಬಂದಿದ್ದರೆ, ಖರ್ಚು ಕಳೆಯುವ ಮೊದಲಿನ ಲೆಕ್ಕದಲ್ಲಿ, ಎರಡೂವರೆ ಲಕ್ಷ ಡಾಲರಿನ ಆಸುಪಾಸು ಕ್ಯಾಲಿಫೋರ್ನಿಯಾಕ್ಕೆ ಹೋಗುತ್ತಿತ್ತು, ಆಟಗಾರ ಫ್ಲಾರಿಡಾದವನಾದರೂ.

ಆದ್ದರಿಂದ ಮೊದಲ ಕೆಲಸ, ವರ್ಷದ ಆದಾಯವನ್ನು ಒಡೆದಿಡುವುದು. ತೋಟದವರಿಗೆ ಇದು ಹೊಸದಲ್ಲ. ಬೆಳೆದು ಸಂಸ್ಕರಿಸಿದ ಕಾಫಿಯ ಆದಾಯದಲ್ಲಿ ಶೇ 25ನ್ನು ವ್ಯಾಪಾರ, ಉಳಿದದ್ದನ್ನು ಕೃಷಿ ಎಂದು ಆದಾಯ ತೆರಿಗೆ ನಿಯಮದಡಿ ಒಡೆಯುತ್ತೇವಲ್ಲ, ಹಾಗೆಯೇ. ಒಂದು ಶೀಟಿನಲ್ಲಿ ಟೂರ್ನಿವಾರು ಬರೆಯಿರಿ: ರಾಜ್ಯ, ಬಹುಮಾನ, ಆ ವಾರದ ಕ್ಯಾಡಿಯ (ಬ್ಯಾಗ್ ಹೊರುವ ಸಹಾಯಕನ) ಪಾಲು, ವಿಮಾನ, ಹೋಟೆಲ್, ಎಂಟ್ರಿ ಫೀ. ಕೋಚ್, ಫಿಸಿಯೋ, ಏಜೆಂಟ್ ಕಮಿಷನ್ನಿನಂಥ ವರ್ಷಪೂರ್ತಿಯ ಖರ್ಚನ್ನು ಬೇರೆ ಕಾಲಂನಲ್ಲಿಟ್ಟು ಆಮೇಲೆ ಹಂಚಿ. ಪ್ರಾಯೋಜಕರ ಹಣ ಬೇರೆ ಹಾಳೆಯಲ್ಲಿ, ಬಡ್ಡಿ ಡಿವಿಡೆಂಡ್ ಮತ್ತೊಂದರಲ್ಲಿ. ಕೆಲವು ಕಡೆ ಊರಿನ ತೆರಿಗೆಯೂ ಉಂಟು. ಮೆಮೋರಿಯಲ್ ಟೂರ್ನಿ ನಡೆಯುವ ಒಹಾಯೋದ ಡಬ್ಲಿನ್ ಶೇ 2 ಕೇಳುತ್ತದೆ. ಅದಕ್ಕೂ ಒಂದು ಕಾಲಂ ಇರಲಿ.

ಇನ್ನು ದರ. ಎಡವುವುದು ಇಲ್ಲೇ. ‘ಕ್ಯಾಲಿಫೋರ್ನಿಯಾದಲ್ಲಿ ಗಳಿಸಿದ್ದು ಬರೀ ಎರಡು ಲಕ್ಷ, ಕೆಳಗಿನ ಸ್ಲ್ಯಾಬ್ ತಾನೇ’ ಎಂದುಕೊಂಡರೆ ಕೆಟ್ಟಿರಿ. ಆ ರಾಜ್ಯ ಮೊದಲು ನಿಮ್ಮ ಎಲ್ಲ ಕಡೆಯ ಆದಾಯಕ್ಕೆ ತೆರಿಗೆ ಲೆಕ್ಕ ಹಾಕಿ ಸರಾಸರಿ ದರ ತೆಗೆಯುತ್ತದೆ, ಆಮೇಲೆ ಆ ದರವನ್ನು ತನ್ನ ನೆಲದಲ್ಲಿ ಬಂದ ಭಾಗಕ್ಕೆ ಹಾಕುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ. ಖರ್ಚು ಕಳೆದು ವರ್ಷಕ್ಕೆ ಹತ್ತು ಲಕ್ಷ ಡಾಲರ್ ಉಳಿಯುವ, ಮದುವೆಯಾಗದ ಆಟಗಾರ. ಕ್ಯಾಲಿಫೋರ್ನಿಯಾದ ಟೂರ್ನಿಗಳಿಂದ 2 ಲಕ್ಷ, ಟೆಕ್ಸಾಸ್ ಫ್ಲಾರಿಡಾಗಳಿಂದ 3 ಲಕ್ಷ, ಸುಮಾರು ಶೇ 5 ತೆರಿಗೆಯ ರಾಜ್ಯಗಳಿಂದ 2 ಲಕ್ಷ, ಪ್ರಾಯೋಜಕರಿಂದ 3 ಲಕ್ಷ. ಹತ್ತು ಲಕ್ಷಕ್ಕೆ ಕ್ಯಾಲಿಫೋರ್ನಿಯಾದ ಸರಾಸರಿ ದರ ಶೇ 10.5ರ ಹತ್ತಿರ. ಮನೆ ಫ್ಲಾರಿಡಾದಲ್ಲಿದ್ದರೆ ಕ್ಯಾಲಿಫೋರ್ನಿಯಾಕ್ಕೆ 21,000, ಶೇ 5ರ ರಾಜ್ಯಗಳಿಗೆ 10,000, ಒಟ್ಟು 31,000 ಡಾಲರ್. ಮನೆ ಕ್ಯಾಲಿಫೋರ್ನಿಯಾದಲ್ಲಿದ್ದರೆ ಹತ್ತು ಲಕ್ಷಕ್ಕೂ ಅಲ್ಲಿನ ದರ; ಬೇರೆ ರಾಜ್ಯಕ್ಕೆ ಕಟ್ಟಿದ್ದಕ್ಕೆ ಕ್ರೆಡಿಟ್ (ಇಲ್ಲಿನ ತೆರಿಗೆಯಲ್ಲಿ ವಜಾ) ಸಿಕ್ಕರೂ ಒಟ್ಟು ಹೊರೆ 1,05,000ರ ಸುತ್ತ. ಅರಿಝೋನಾದವರಾದರೆ ಬೇರೆಲ್ಲೂ ತೆರಿಗೆ ಬೀಳದ ಆರು ಲಕ್ಷಕ್ಕೆ ಶೇ 2.5 ಸೇರಿ 46,000.

ಕ್ಯಾಲಿಫೋರ್ನಿಯಾಕ್ಕೂ ಫ್ಲಾರಿಡಾಕ್ಕೂ ಇರುವ ಅಂತರ ದೊಡ್ಡದು, ಕಣ್ಣುಮುಚ್ಚಿ ತೀರ್ಮಾನಿಸಬಹುದು. ಫ್ಲಾರಿಡಾ–ಅರಿಝೋನಾ ಅಂತರ ಬರೀ 15,000. ಮನೆ ಬಾಡಿಗೆ, ವಿಮೆ, ಕೋಚ್ ಇರುವ ಊರು, ಇವುಗಳಲ್ಲೇ ಅದು ಕರಗಿಹೋಗಬಹುದು. ಇನ್ನೊಂದು ತಿಳಿದಿರಲಿ: ಫ್ಲಾರಿಡಾದವರಿಗೆ ಮನೆಯ ರಾಜ್ಯದಲ್ಲಿ ತೆರಿಗೆಯೇ ಇಲ್ಲದ ಕಾರಣ ಕ್ರೆಡಿಟ್ ಪಡೆಯುವ ಜಾಗವೂ ಇಲ್ಲ. ಕ್ಯಾಲಿಫೋರ್ನಿಯಾಕ್ಕೆ ಕಟ್ಟಿದ್ದು ಕಟ್ಟಿದ ಹಾಗೆಯೇ. ಫೆಡರಲ್ ರಿಟರ್ನ್‌ನಲ್ಲಿ ರಾಜ್ಯ ತೆರಿಗೆಯ ಕಡಿತಕ್ಕೂ ಮಿತಿಯಿದೆ. ದೊಡ್ಡ ಆದಾಯದವರಿಗೆ ಅದು 10,000 ಡಾಲರಿಗೆ ಇಳಿಯುತ್ತದೆ.

ಮನೆಯ ಆಯ್ಕೆ ನಿಜವಾಗಿ ಕೆಲಸ ಮಾಡುವುದು ಪ್ರಾಯೋಜಕರ ಹಣದ ಮೇಲೆ. ಹೆಸರು, ಮುಖ ಬಳಸಿಕೊಳ್ಳಲು ಕೊಡುವ ರಾಯಲ್ಟಿ ಸಾಮಾನ್ಯವಾಗಿ ಮನೆಯ ರಾಜ್ಯಕ್ಕೆ ಸೇರುತ್ತದೆ. ಫೋಟೊ ಶೂಟ್, ಕಂಪನಿ ಗಿರಾಕಿಗಳ ಜೊತೆ ಆಡುವ ದಿನ, ಇವು ಸೇವೆ; ಇದರ ಹಣ ಸಾಮಾನ್ಯವಾಗಿ ಸೇವೆ ಮಾಡಿದ ರಾಜ್ಯಕ್ಕೆ. ಒಪ್ಪಂದದಲ್ಲಿ ಎರಡನ್ನೂ ಒಂದೇ ಮೊತ್ತಕ್ಕೆ ಸುತ್ತಿಟ್ಟರೆ ಒಡೆಯುವ ಕೆಲಸ ಕೋರ್ಟಿನ ಪಾಲಾಗುತ್ತದೆ. ಅಮೆರಿಕದ ಟ್ಯಾಕ್ಸ್ ಕೋರ್ಟ್ 2011ರಲ್ಲಿ ಗಾಲ್ಫರ್ ರೆಟೀಫ್ ಗೂಸನ್ ಪ್ರಕರಣದಲ್ಲಿ ಆಟದ ಮೈದಾನಕ್ಕೆ ಸಂಬಂಧಿಸಿದ ಒಪ್ಪಂದಗಳನ್ನು ಅರ್ಧಕ್ಕರ್ಧ ಒಡೆಯಿತು. 2013ರಲ್ಲಿ ಸರ್ಜಿಯೊ ಗಾರ್ಸಿಯಾ ಅವರು ಗಾಲ್ಫ್ ಸಲಕರಣೆಯ ಕಂಪನಿ ಟೇಲರ್‌ಮೇಡ್ ಜೊತೆ ಮಾಡಿಕೊಂಡಿದ್ದ ಒಪ್ಪಂದವನ್ನು ಶೇ 65 ರಾಯಲ್ಟಿ, ಶೇ 35 ಸೇವೆ ಎಂದಿತು. ಎರಡೂ ಫೆಡರಲ್ ಪ್ರಕರಣಗಳು. ಆದರೂ ಒಪ್ಪಂದ ಬರೆಯುವಾಗ ಮುಂದಿಟ್ಟುಕೊಳ್ಳಲು ಇದಕ್ಕಿಂತ ಒಳ್ಳೆಯ ಅಳತೆಗೋಲು ಇಲ್ಲ. ರಾಯಲ್ಟಿ ಎಷ್ಟು, ಸೇವೆಗೆ ಎಷ್ಟು, ಎಷ್ಟು ದಿನ, ಎಲ್ಲಿ ಎಂದು ಬೇರೆ ಬೇರೆ ಕಲಮಿನಲ್ಲಿ ಬರೆಸಿ. ಕ್ಯಾಲಿಫೋರ್ನಿಯಾದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು: ಸೇವೆ ಎಲ್ಲಿ ಮಾಡಿದಿರಿ ಎಂಬುದನ್ನಲ್ಲ, ಅದರ ಲಾಭ ಪಡೆದ ಗಿರಾಕಿ ಎಲ್ಲಿದ್ದಾನೆ ಎಂಬುದನ್ನು ಅದು ನೋಡುತ್ತದೆ. ಟೇಲರ್‌ಮೇಡ್, ಕ್ಯಾಲವೇ ಎರಡರ ಮುಖ್ಯ ಕಚೇರಿಯೂ ಕ್ಯಾಲಿಫೋರ್ನಿಯಾದ ಕಾರ್ಲ್ಸ್‌ಬ್ಯಾಡ್‌ನಲ್ಲಿದೆ.

ವಾಸದ ವಿಚಾರಕ್ಕೆ ಬಂದರೆ, ಆಟಗಾರರಿಗೆ ಕೊಡುವ ತಾತ್ಕಾಲಿಕ ಪಿ-1 ವೀಸಾದಲ್ಲಿ ಹೋಗುವವರು ಅಮೆರಿಕನ್ನರಿಗಾಗಿ ಬರೆದ ಪಟ್ಟಿಗಳನ್ನು ಕಣ್ಣಿಗೊತ್ತಿಕೊಂಡು ಪಾಲಿಸಬಾರದು. ಫ್ಲಾರಿಡಾಕ್ಕೆ ಹೋದವರು ಮಾಡಬೇಕಾದ್ದೆಂದು ಆ ಪಟ್ಟಿಗಳಲ್ಲಿ ‘ಮತದಾರರಾಗಿ ನೋಂದಾಯಿಸಿ’ ಎಂದಿರುತ್ತದೆ. ನೀವು ಅಲ್ಲಿನ ಪ್ರಜೆಯಲ್ಲ. ನೋಂದಾಯಿಸಿದರೆ ವೀಸಾ ಮಾತ್ರವಲ್ಲ, ಮುಂದಿನ ಗ್ರೀನ್ ಕಾರ್ಡೂ ಹೋದಂತೆ. ಲೈಸೆನ್ಸ್ ಕೌಂಟರಿನಲ್ಲಿ ಚಾಚುವ ಫಾರಂನಲ್ಲೂ ಆ ಟಿಕ್ ಬಾಕ್ಸ್ ಇರಬಹುದು, ಓದಿ ಸಹಿ ಮಾಡಿ. ಸ್ವಂತ ಮನೆಯ ತೆರಿಗೆ ವಿನಾಯಿತಿಯೂ ತಾತ್ಕಾಲಿಕ ವೀಸಾದವರಿಗೆ ಸಾಮಾನ್ಯವಾಗಿ ಸಿಗುವುದಿಲ್ಲ. ಅಸಲಿಗೆ ನೀವು ಫ್ಲಾರಿಡಾದವರು ಎಂದು ಸಾಧಿಸುವ ಅಗತ್ಯವೇ ಇಲ್ಲ. ಹೆಚ್ಚು ತೆರಿಗೆಯ ರಾಜ್ಯವೊಂದರ ನಿವಾಸಿ ಆಗದಿದ್ದರೆ ಸಾಕು. ನ್ಯೂಯಾರ್ಕ್‌ನಲ್ಲಿ ಕಾಯಂ ಮನೆಯಿಟ್ಟುಕೊಂಡು ವರ್ಷಕ್ಕೆ 184 ದಿನ ಕಳೆದರೆ ಅಲ್ಲಿನ ನಿವಾಸಿ. ಅರ್ಧ ದಿನವಿದ್ದರೂ ಒಂದು ದಿನವೇ. ಕ್ಯಾಲಿಫೋರ್ನಿಯಾ ಒಂಬತ್ತು ತಿಂಗಳು ಮೀರಿದರೆ ನಿವಾಸಿ ಎಂದೇ ಭಾವಿಸುತ್ತದೆ, ಕಡಿಮೆಯಿದ್ದರೂ ಸಂಸಾರ, ಕಾರು, ಡಾಕ್ಟರು, ಕ್ಲಬ್ ಸದಸ್ಯತ್ವ ಎಲ್ಲಿ ಎಂದು ಕೇಳುತ್ತದೆ. ಅದಕ್ಕೇ ಬೋರ್ಡಿಂಗ್ ಪಾಸ್, ಹೋಟೆಲ್ ಬಿಲ್, ಬಾಡಿಗೆ ಕರಾರು ಎಲ್ಲವನ್ನೂ ತಿಂಗಳವಾರು ಫೋಲ್ಡರಿನಲ್ಲಿಡಿ.

ಫೆಡರಲ್ ದಿನಗಣನೆ ಇದಕ್ಕೆ ಸಂಬಂಧವೇ ಇಲ್ಲದ್ದು. ಈ ವರ್ಷದ ದಿನಗಳು, ಹೋದ ವರ್ಷದ್ದರ ಮೂರನೇ ಒಂದು, ಅದರ ಹಿಂದಿನದ್ದರ ಆರನೇ ಒಂದು ಸೇರಿ 183 ಆದರೆ ತೆರಿಗೆಗೆ ನೀವು ಸಾಮಾನ್ಯವಾಗಿ ಅಮೆರಿಕದ ನಿವಾಸಿ. ಸತತ ಮೂರು ವರ್ಷ 122 ದಿನ ಇದ್ದರೆ ಸಾಕು, ಸಿಕ್ಕಿಬಿದ್ದಿರಿ.

ಅಲ್ಲಿಯವರೆಗೆ, ಅನಿವಾಸಿಯ ಬಹುಮಾನದಿಂದ ಖರ್ಚು ನೋಡದೆ ಶೇ 30 ಹಿಡಿಯುತ್ತಾರೆ. ಖರ್ಚು ಕಳೆದ ಮೇಲಿನ ಅಂದಾಜಿಗೆ ಹಿಡಿಯಲಿ ಎಂದಾದರೆ ಮೊದಲ ಟೂರ್ನಿಗೆ 45 ದಿನ ಮುಂಚೆಯೇ 13930 ಫಾರಂ ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ಗೆ ಹೋಗಬೇಕು. ಕ್ಯಾಲಿಫೋರ್ನಿಯಾ ತನ್ನ ಪಾಲಿಗೆ, ವರ್ಷದಲ್ಲಿ 1,500 ಡಾಲರ್ ಮೀರಿದ ಪಾವತಿಗೆ ಶೇ 7 ಹಿಡಿಯುತ್ತದೆ. ಅದು ಮುಂಗಡ ಮಾತ್ರ. ಸರಾಸರಿ ದರ ಶೇ 10 ಇದ್ದರೆ ಉಳಿದದ್ದನ್ನು ಅನಿವಾಸಿಗಳ 540ಎನ್‌ಆರ್ ರಿಟರ್ನ್ ಜೊತೆ ಕಟ್ಟಬೇಕು, ಕಡಿಮೆಯಿದ್ದರೆ ವಾಪಸ್. ಹಿಡಿದ ತೆರಿಗೆಗೆ ಕೊಡುವ 1042-ಎಸ್ (ಫೆಡರಲ್), 592-ಬಿ (ಕ್ಯಾಲಿಫೋರ್ನಿಯಾ) ಪ್ರಮಾಣಪತ್ರಗಳನ್ನು ಕಳೆಯಬೇಡಿ, ಊರಿನ ಆಡಿಟರ್ ಮೊದಲು ಕೇಳುವುದೇ ಅವನ್ನು.

ಅವರಿಗೆ ಅವು ಬೇಕಾಗುವುದು ನೀವಿನ್ನೂ ಭಾರತದ ತೆರಿಗೆ ನಿವಾಸಿಯಾಗಿದ್ದರೆ. ಆಗ ಜಗತ್ತಿನೆಲ್ಲ ಗಳಿಕೆಯೂ ಇಲ್ಲಿ ತೆರಿಗೆಗೆ ಬರುತ್ತದೆ, ಹೊಸ ಪದ್ಧತಿಯಲ್ಲಿ ಸರ್ಚಾರ್ಜ್, ಸೆಸ್ ಸೇರಿ ಗರಿಷ್ಠ ಶೇ 39. ಭಾರತ–ಅಮೆರಿಕ ಒಪ್ಪಂದದ ವ್ಯಾಪ್ತಿಯಲ್ಲಿರುವುದು ಫೆಡರಲ್ ತೆರಿಗೆ ಮಾತ್ರ. ಆದರೆ ರಾಜ್ಯಕ್ಕೆ ಕಟ್ಟಿದ್ದಕ್ಕೂ 1961ರ ಕಾಯ್ದೆಯ 91ನೇ ಕಲಮಿನ ವಿವರಣೆಯಡಿ ಪರಿಹಾರವಿದೆ ಎಂದು ಕರ್ನಾಟಕ ಹೈಕೋರ್ಟ್ 2015ರ ವಿಪ್ರೊ ತೀರ್ಪಿನಲ್ಲಿ ಹೇಳಿದೆ. ನಮ್ಮ ಜಿಲ್ಲೆಗಳವರು ಆ ತೀರ್ಪನ್ನು ಧೈರ್ಯವಾಗಿ ಮುಂದಿಡಬಹುದು. ಅದು ಸಿಕ್ಕಿತೆಂದರೆ ಮೇಲಿನ ಲೆಕ್ಕದ ಫ್ಲಾರಿಡಾದವನ 31,000 ಡಾಲರ್ ಬಹುಮಟ್ಟಿಗೆ ಇಲ್ಲಿನ ತೆರಿಗೆಯಲ್ಲೇ ವಜಾ ಆಗುತ್ತದೆ. ಕ್ಯಾಲಿಫೋರ್ನಿಯಾದವನ 1,05,000 ಪೂರ್ತಿ ಆಗುವುದಿಲ್ಲ, ಏಕೆಂದರೆ ಫೆಡರಲ್ ತೆರಿಗೆಯದ್ದೂ ಸೇರಿ ಭಾರತದ ತೆರಿಗೆಗಿಂತ ಹೆಚ್ಚು ಕ್ರೆಡಿಟ್ ಕೊಡುವುದಿಲ್ಲ.

ಕ್ರೆಡಿಟ್ ತಪ್ಪುವುದು ಹೆಚ್ಚಾಗಿ ದಿನಾಂಕದ ಗೊಂದಲದಲ್ಲಿ. ಅಲ್ಲಿ ಜನವರಿ–ಡಿಸೆಂಬರ್, ಇಲ್ಲಿ ಏಪ್ರಿಲ್–ಮಾರ್ಚ್. ಕ್ಯಾಲಿಫೋರ್ನಿಯಾದ ಟೂರ್ನಿಗಳು ಜನವರಿ, ಫೆಬ್ರುವರಿಯಲ್ಲೇ ಹೆಚ್ಚು. ಆ ಹಣ ಇಲ್ಲಿ ಮುಗಿಯುತ್ತಿರುವ ಹಣಕಾಸು ವರ್ಷಕ್ಕೆ ಸೇರುತ್ತದೆ, ಅದರ ಅಂತಿಮ ತೆರಿಗೆ ಮಾತ್ರ ಮುಂದಿನ ವರ್ಷ ಗೊತ್ತಾಗುತ್ತದೆ. ಅಲ್ಲಿ ಕಟ್ಟಿದ ತೆರಿಗೆಯ ಡಾಲರನ್ನು ರೂಪಾಯಿಗೆ ತರಲು ತೆರಿಗೆ ಕಟ್ಟಿದ ತಿಂಗಳ ಹಿಂದಿನ ತಿಂಗಳ ಕೊನೆಯ ದಿನ ಎಸ್‌ಬಿಐ ಡಾಲರ್ ಕೊಳ್ಳುವ ದರ (ಟಿಟಿ ಬೈಯಿಂಗ್) ಹಿಡಿಯಬೇಕು, ಬ್ಯಾಂಕ್ ಕೊಟ್ಟ ದರವನ್ನಲ್ಲ. ಹಳೆಯ ಕಾಯ್ದೆಯಲ್ಲಿ ಕ್ರೆಡಿಟ್ ಕೇಳಲು 67ನೇ ಫಾರಂ. 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಜಾರಿಯಾಗಿ ಕಲಂ ಸಂಖ್ಯೆಗಳು ಬದಲಾಗಿವೆ, ಯಾವ ವರ್ಷದ ಆದಾಯ ಎಂದು ನೋಡಿ ಸಲ್ಲಿಸಿ.

ಕ್ಯಾಡಿಯಾಗಿ ಊರಿನ ಹುಡುಗನನ್ನೇ ಕರೆದೊಯ್ಯುವವರು ಇನ್ನೊಂದು ಲೆಕ್ಕ ಸೇರಿಸಿಕೊಳ್ಳಬೇಕು. ಅವನ ಪಾಲು ನಿಮಗೆ ಖರ್ಚು, ಅವನಿಗೆ ಅದೇ ರಾಜ್ಯದಲ್ಲಿ ಗಳಿಸಿದ ಆದಾಯ. ಅವನೂ ರಿಟರ್ನ್ ಸಲ್ಲಿಸಬೇಕು, ಶೇ 30 ಹಿಡಿದು ಕಟ್ಟುವ ಹೊಣೆ ಹಣ ಕೊಡುವ ನಿಮ್ಮ ಮೇಲೆಯೇ ಬರಬಹುದು. ಗೆದ್ದ ವಾರ ಶೇ 10 ಕೊಡುವುದು ಅಲ್ಲಿನ ವಾಡಿಕೆ. ಅದನ್ನು ತೆರಿಗೆ ಹಿಡಿಯುವ ಮೊದಲೋ ಹಿಡಿದ ಮೇಲೋ ಎಂಬುದನ್ನು ವಿಮಾನ ಹತ್ತುವ ಮೊದಲೇ ಕಾಗದದ ಮೇಲೆ ಬರೆದುಕೊಳ್ಳಿ.