ಸೊಪ್ಪಿನ ಗುಡ್ಡೆ ಮುಂದೆ ಕಲಿತ ಸ್ವಾಹಿಲಿ

ನಾವು ತಾಂಜಾನಿಯಾದ ದಾರ್ ಎಸ್ ಸಲಾಮ್‌ಗೆ ಹೋದದ್ದು 2015ರ ಮಾರ್ಚ್‌ನಲ್ಲಿ. ಯಜಮಾನರಿಗೆ ಅಲ್ಲಿ ಕೆಲಸ ಸಿಕ್ಕಿತ್ತು. ಉಪಾಂಗ ಎಂಬ ಬಡಾವಣೆಯಲ್ಲಿ ಬಾಡಿಗೆ ಮನೆ. ಆ ಸುತ್ತಮುತ್ತ ಗುಜರಾತಿ ಮನೆತನಗಳು ತಲೆಮಾರುಗಳಿಂದ ಇವೆ. ಊರಿನ ಮಾತು ಸ್ವಾಹಿಲಿ, ಆದರೂ ಹಿಂದಿ, ಇಂಗ್ಲಿಷ್ ಇದ್ದರೆ ದಿನ ಸಾಗುತ್ತದೆ. ಹಾಗೆ ಸಾಗಿಸಿದವರನ್ನೂ ನೋಡಿದೆ. ವರ್ಷಗಟ್ಟಲೆ ಅಲ್ಲಿದ್ದರೂ ಸಂತೆಗೆ ಒಬ್ಬರೇ ಹೋಗಲು ಹಿಂಜರಿಯುತ್ತಾರೆ. ನನಗೆ ಹಾಗಾಗುವುದು ಬೇಡವಾಗಿತ್ತು. ಕುಂದಾಪುರದಲ್ಲಿ ಬೆಳೆದವಳು ನಾನು. ಬೀದಿಯಲ್ಲಿ ನಾಲ್ಕು ಜನರ ಹತ್ತಿರ ಮಾತಾಡದೆ ಮನೆಗೆ ಬಂದರೆ ಏನೋ ಬಿಟ್ಟು ಬಂದ ಹಾಗೆ ಅನಿಸುತ್ತದೆ.

ನಮ್ಮ ಬೀದಿಯ ತುದಿಯಲ್ಲಿ ಒಂದು ಮಾವಿನ ಮರ. ಅದರ ಕೆಳಗೆ ವಯಸ್ಸಾದ ಒಬ್ಬ ಹೆಂಗಸು ಗೋಣಿ ಹಾಸಿ ತರಕಾರಿ ಮಾರುತ್ತಿದ್ದರು. ಎರಡನೇ ವಾರ ಅಲ್ಲಿಗೆ ಹೋದಾಗ ಹರಿವೆ ಸೊಪ್ಪು ಕಣ್ಣಿಗೆ ಬಿತ್ತು. ಎಷ್ಟು ಸಂತೋಷವಾಯಿತು ಅಂದರೆ, ಓಡಿ ಹೋಗಿ ‘ಬೇಯಿ ಗಾನಿ?’ ಅಂತ ಕೇಳಿದೆ. ಬೆಲೆ ಎಷ್ಟು ಅಂತ. ಫೋನ್ ನೋಡಿ ಕಲಿತ ಮಾತು ಅದು. ಅವರು ನನ್ನ ಮುಖ ನೋಡಿದರು, ಉತ್ತರ ಕೊಡಲಿಲ್ಲ. ಅಷ್ಟರಲ್ಲಿ ಒಬ್ಬ ಹುಡುಗಿ ಬಂದಳು. ಸೊಪ್ಪಿನ ಕಡೆ ನೋಡಲೂ ಇಲ್ಲ. ಮೊದಲು ‘ಶಿಕಾಮೋ’ ಅಂದಳು. ಅವರು ‘ಮರಹಬಾ’ ಅಂದರು. ಆಮೇಲೆ ಬೆಳಗ್ಗೆ ಹೇಗಿದೆ, ಮನೆಯಲ್ಲಿ ಎಲ್ಲ ಕ್ಷೇಮವಾ, ಕೆಲಸ ಹೇಗೆ ನಡೀತಿದೆ ಅಂತ ಎರಡು ನಿಮಿಷ ಮಾತು. ಟೊಮೆಟೊ ಸುದ್ದಿ ಬಂದದ್ದು ಅದರ ನಂತರ.

ಶಿಕಾಮೋ ಅಂದರೆ ‘ನಿಮ್ಮ ಪಾದ ಹಿಡಿಯುತ್ತೇನೆ’ ಎಂಬ ಅರ್ಥ ಅಂತ ಅಲ್ಲಿಯವರು ಹೇಳುತ್ತಾರೆ. ನಮ್ಮಲ್ಲಿ ಬಗ್ಗಿ ಮಾಡುವುದನ್ನು ಅವರು ಬಾಯಲ್ಲಿ ಮಾಡುತ್ತಾರೆ. ತನಗಿಂತ ಹಿರಿಯರು ಯಾರೇ ಸಿಗಲಿ, ಬಸ್ ಕಂಡಕ್ಟರ್ ಆಗಲಿ, ಕಾವಲಿನವರಾಗಲಿ, ಕಿರಿಯರು ಮೊದಲು ಶಿಕಾಮೋ ಅನ್ನಬೇಕು. ಮರುದಿನ ನಾನೂ ಹೋಗಿ ‘ಶಿಕಾಮೋ, ಮಾಮಾ’ ಅಂದೆ. ಅವರ ಮುಖ ಅರಳಿದ್ದು ಇವತ್ತಿಗೂ ಕಣ್ಣ ಮುಂದಿದೆ. ಮೂರು ಗುಡ್ಡೆ ಸೊಪ್ಪಿಗೆ ಇನ್ನೊಂದು ಹಿಡಿ ಮೇಲೆ ಹಾಕಿ ಕೊಟ್ಟರು.

ಮಾಮಾ ಅಂದರೆ ಅಲ್ಲಿ ಅಮ್ಮ. ನಮ್ಮ ಕಿವಿಗೆ ಮಾಮ ಅಂದರೆ ಸೋದರಮಾವ ಅಲ್ವಾ, ಅಭ್ಯಾಸವಾಗಲು ಸ್ವಲ್ಪ ದಿನ ಬೇಕಾಯಿತು. ‘ದಾದಾ’ ಅಂದರೆ ಅಕ್ಕ. ‘ಕಾಕಾ’ ಅಂದರೆ ಅಣ್ಣ. ‘ಬಾಬು’ ಅಂದರೆ ಅಜ್ಜ. ಬೀದಿಯ ಹುಡುಗರು ನನ್ನನ್ನು ದಾದಾ ಅಂತ ಕರೆಯುವಾಗ ಮೊದಮೊದಲು ತಿರುಗಿಯೇ ನೋಡುತ್ತಿರಲಿಲ್ಲ. ಬೇರೆ ಯಾರನ್ನೋ ಕರೆಯುತ್ತಿದ್ದಾರೆ ಅಂದುಕೊಳ್ಳುತ್ತಿದ್ದೆ.

ದಿನಾ ಬೆಳಗ್ಗೆ ಅರ್ಧ ಗಂಟೆ ಆ ಮರದ ಕೆಳಗೆ ಕೂರುವುದು ರೂಢಿಯಾಯಿತು. ಪುಸ್ತಕದಲ್ಲಿ ಕಲಿತದ್ದಕ್ಕಿಂತ ಅಲ್ಲಿ ಕಲಿತದ್ದೇ ಜಾಸ್ತಿ. ಮೊದಲು ಎಣಿಕೆ: ಮೋಜಾ, ಮ್ಬಿಲಿ, ತಾತು. ಅಲ್ಲಿನ ದುಡ್ಡು ಶಿಲ್ಲಿಂಗ್, ಎಲ್ಲವೂ ಸಾವಿರದ ಲೆಕ್ಕ. ಹಾಗಾಗಿ ಸಾವಿರಕ್ಕೆ ‘ಎಲ್ಫು’ ಅನ್ನುವುದನ್ನು ಬೇಗ ಕಲಿಯಬೇಕು. ಬೀದಿಬದಿಯಲ್ಲಿ ತರಕಾರಿ ಕಿಲೋ ಲೆಕ್ಕದಲ್ಲಿ ಸಿಗುವುದಿಲ್ಲ, ಗುಡ್ಡೆ ಲೆಕ್ಕ. ಗುಡ್ಡೆಗೆ ‘ಫುಂಗು’. ‘ಪುಂಗುಜಾ ಕಿಡೋಗೊ’ ಅಂದರೆ ಸ್ವಲ್ಪ ಕಡಿಮೆ ಮಾಡಿ. ಹೊಸದಾಗಿ ಹೋಗುವವರಿಗೆ ನಾನು ಈಗಲೂ ಹೇಳುವುದು ಇಷ್ಟೇ: ವ್ಯಾಕರಣ ಆಮೇಲೆ, ಮೊದಲು ನಮಸ್ಕಾರ, ಎಣಿಕೆ, ಸೊಪ್ಪಿನ ಹೆಸರು.

ಆದರೆ ಎಣಿಕೆ ಬಂದ ಮೇಲೂ ಗಡಿಯಾರ ನನಗೆ ಸರಿಯಾಗಿ ಪೆಟ್ಟು ಕೊಟ್ಟಿತು. ಅಡುಗೆಮನೆಯ ನಲ್ಲಿ ಸೋರುತ್ತಿತ್ತು. ಕಾವಲಿನವರು ಒಬ್ಬ ‘ಫುಂಡಿ’ಯನ್ನು ಹುಡುಕಿಕೊಟ್ಟರು. ನಲ್ಲಿ, ಕರೆಂಟು, ಮರಗೆಲಸ, ಹೊಲಿಗೆ, ಎಲ್ಲ ಕೈಕೆಲಸದವರಿಗೂ ಅಲ್ಲಿ ಫುಂಡಿ ಎಂದೇ ಹೆಸರು. ‘ಕೇಶೋ, ಸಾ ಮ್ಬಿಲಿ’ ಅಂದ. ಕೇಶೋ ಅಂದರೆ ನಾಳೆ, ಸಾ ಅಂದರೆ ಗಂಟೆ, ಮ್ಬಿಲಿ ಅಂದರೆ ಎರಡು. ಇಷ್ಟು ಅರ್ಥವಾಯಿತಲ್ಲ ಅಂತ ಖುಷಿಪಟ್ಟೆ. ಮರುದಿನ ಬೆಳಗ್ಗೆ ಸಂತೆಗೆ ಹೋಗಿ ಬಂದು, ಮಧ್ಯಾಹ್ನ ಎರಡಕ್ಕೆ ಬಾಗಿಲು ತೆರೆದು ಕೂತೆ. ನಾಲ್ಕಾದರೂ ಯಾರೂ ಬರಲಿಲ್ಲ. ಕೆಳಗೆ ಹೋಗಿ ಕೇಳಿದರೆ, ಅವನು ಬೆಳಗ್ಗೆ ಎಂಟಕ್ಕೇ ಬಂದು, ಒಂದು ಗಂಟೆ ಮೆಟ್ಟಿಲ ಮೇಲೆ ಕಾದು ಹೋಗಿದ್ದ.

ಸ್ವಾಹಿಲಿಯಲ್ಲಿ ದಿನದ ಎಣಿಕೆ ಶುರುವಾಗುವುದು ಸೂರ್ಯ ಹುಟ್ಟಿದ ಮೇಲೆ. ನಮ್ಮ ಬೆಳಗಿನ ಏಳು ಅವರಿಗೆ ಸಾ ಮೋಜಾ, ಒಂದು ಗಂಟೆ. ಎಂಟು ಅಂದರೆ ಎರಡು. ನಡು ಮಧ್ಯಾಹ್ನ ಆರು. ಸಂಜೆ ಏಳಕ್ಕೆ ಮತ್ತೆ ಒಂದರಿಂದ ಶುರು. ಸಮಭಾಜಕ ರೇಖೆಗೆ ಹತ್ತಿರದ ಊರು, ವರ್ಷಪೂರ್ತಿ ಹಗಲು ಇರುಳು ಹೆಚ್ಚುಕಡಿಮೆ ಸಮ. ಅಲ್ಲಿ ಈ ಲೆಕ್ಕ ಸಹಜವಾಗಿ ಕೂರುತ್ತದೆ. ಮಾಮಾ ಇದನ್ನು ವಿವರಿಸುವಾಗ ನನಗೆ ಅಜ್ಜ ನೆನಪಾದರು. ಪಂಚಾಂಗ ಬಿಡಿಸಿ, ಸೂರ್ಯ ಹುಟ್ಟಿ ಇಷ್ಟು ಘಳಿಗೆಗೆ ಅಂತ ಮುಹೂರ್ತ ಹೇಳುತ್ತಿದ್ದವರು ಅವರು. ನಾನು ಕಂಡುಕೊಂಡ ಉಪಾಯ ಸುಲಭದ್ದು. ಮುಳ್ಳಿನ ಗಡಿಯಾರದಲ್ಲಿ ಗಂಟೆಯ ಮುಳ್ಳಿನ ಎದುರು ತುದಿ ಎಲ್ಲಿದೆ ನೋಡಬೇಕು. ಏಳರ ಎದುರು ಒಂದು, ಎಂಟರ ಎದುರು ಎರಡು. ಅದಾದ ಮೇಲೆ ನಾನು ಯಾರನ್ನೂ ಕಾಯಿಸಲಿಲ್ಲ. ಆ ಫುಂಡಿಗೆ ಕ್ಷಮೆ ಕೇಳಿ, ಬಂದು ಹೋದ ಬಸ್ ಖರ್ಚೂ ಸೇರಿಸಿ ದುಡ್ಡು ಕೊಟ್ಟೆ. ಅವನು ನನಗೇ ‘ಪೋಲೆ, ದಾದಾ’ ಅಂದ.

ಈ ಪೋಲೆ ಎಂಬ ಮಾತಿಗೆ ಕನ್ನಡದಲ್ಲಿ ಸರಿಸಾಟಿ ಹುಡುಕಿದ್ದೇನೆ, ಸಿಕ್ಕಿಲ್ಲ. ಬೀದಿಯಲ್ಲಿ ಎಡವಿದರೆ ಗುರುತಿಲ್ಲದವರೂ ಪೋಲೆ ಅನ್ನುತ್ತಾರೆ. ಜ್ವರ ಬಂದರೆ ಪೋಲೆ. ಪ್ರಯಾಣ ಮುಗಿಸಿ ಬಂದವರಿಗೆ ಪೋಲೆ. ಬಿಸಿಲಲ್ಲಿ ದುಡಿಯುವವರಿಗೆ ‘ಪೋಲೆ ನಾ ಕಾಜಿ’. ತಪ್ಪು ಅವರದ್ದಾಗಿರಬೇಕಿಲ್ಲ. ನಿನ್ನ ಕಷ್ಟ ನನಗೆ ಕಂಡಿತು ಅಂತ ಹೇಳುವುದು ಅಷ್ಟೆ. ಒಂದು ಸಲ ರಾತ್ರಿ ದೋಸೆ ಹಿಟ್ಟು ರುಬ್ಬುವಾಗ ನಮ್ಮ ಕರೆಂಟು ಮುಗಿಯಿತು. ಅಲ್ಲಿ ಮೊದಲೇ ದುಡ್ಡು ಕಟ್ಟಿ ಕರೆಂಟು ಕೊಳ್ಳಬೇಕು. ‘ಲೂಕು’ ಅಂತಾರೆ. ಫೋನಿಗೆ 20 ಅಂಕಿ ಬರುತ್ತದೆ, ಅದನ್ನು ಮೀಟರಿಗೆ ಒತ್ತಬೇಕು. ಕತ್ತಲಲ್ಲಿ ಎರಡು ಸಲ ತಪ್ಪು ಒತ್ತಿದೆ. ಪಕ್ಕದ ಮನೆಯಾಕೆ ಮೇಣದಬತ್ತಿ ಹಿಡಿದು ಬಂದು, ಪೋಲೆ ಪೋಲೆ ಅನ್ನುತ್ತಾ ಒಂದೊಂದೇ ಅಂಕಿ ಓದಿದಳು.

ಅಡುಗೆಯಲ್ಲಿ ನಾನು ಪರದೇಶಿ ಅನಿಸಲೇ ಇಲ್ಲ. ಅದೂ ಕರಾವಳಿ ತಾನೇ. ಬೀನ್ಸ್ ಕಾಳಿಗೆ ತೆಂಗಿನ ಹಾಲು, ಮೀನಿಗೆ ತೆಂಗಿನ ಹಾಲು, ಹರಿವೆಗೂ ತೆಂಗಿನ ಹಾಲು. ಮಾಮಾ ಒಂದು ದಿನ ಮನೆಗೆ ಕರೆದರು. ಬಾಗಿಲಲ್ಲಿ ನಿಂತು ‘ಹೋಡಿ’ ಅಂದೆ, ಒಳಗಿಂದ ‘ಕರಿಬು’ ಬಂದ ಮೇಲೆ ಕಾಲಿಟ್ಟೆ. ಹಾಗೆ ಕೇಳದೆ ನುಗ್ಗಬಾರದು. ಒಳಗೆ ಮೂಲೆಯಲ್ಲಿ ಪುಟ್ಟ ಮಣೆ, ಅದರ ಮೂತಿಗೆ ಹಲ್ಲಿನ ಕಬ್ಬಿಣ. ನಮ್ಮ ತೆಂಗಿನಕಾಯಿ ತುರಿಯುವ ಮಣೆಯೇ! ಅವರ ಬಾಯಲ್ಲಿ ಅದರ ಹೆಸರು ‘ಮ್ಬುಜಿ’, ಅಂದರೆ ಆಡು. ನಾನು ಕೇಳದೆಯೇ ಕೂತು ಎರಡು ಕಾಯಿ ತುರಿದೆ. ಮಾಮಾ ಮಗಳನ್ನು ಕೂಗಿ ತೋರಿಸಿದರು. ಆಮೇಲೆ ಗುಳಿ ಗುಳಿ ಇರುವ ಬಾಣಲೆ ಒಲೆಗೇರಿತು. ಅಕ್ಕಿ, ತೆಂಗಿನ ಹಾಲು, ಸಕ್ಕರೆ, ಏಲಕ್ಕಿ. ಹೆಸರು ‘ವಿತುಂಬುವಾ’. ಕಣ್ಣು ಮುಚ್ಚಿ ತಿಂದರೆ ಗಣೇಶ ಚೌತಿಯ ಅಪ್ಪ. ಮುಂದಿನ ವಾರ ನಾನು ಬೆಲ್ಲ, ಬಾಳೆಹಣ್ಣು ಹಾಕಿ ಅದೇ ಬಾಣಲೆಯಲ್ಲಿ ಮಾಡಿಕೊಟ್ಟೆ.

ಆ ದಿನ ಅಡುಗೆಮನೆಯಲ್ಲೇ ಮಾಮಾ ಕೇಳಿದರು, ಮಕ್ಕಳಿದ್ದಾರಾ ಅಂತ. ಮದುವೆಯಾಗಿ ಏಳು ವರ್ಷವಾಗಿತ್ತು. ಊರಲ್ಲಿ ಈ ಪ್ರಶ್ನೆಗೆ ಹೆದರಿ ಮದುವೆಮನೆಗಳಿಗೆ ಹೋಗುವುದನ್ನೇ ಬಿಟ್ಟಿದ್ದೆ. ತಲೆ ತಗ್ಗಿಸಿ ‘ಹಪಾನಾ’ ಅಂದೆ. ಇಲ್ಲ ಅಂತ. ಅವರು ಸೌಟು ಕೆಳಗಿಟ್ಟರು. ನನ್ನ ಗಲ್ಲ ಹಿಡಿದು ಎತ್ತಿ ‘ಹಪಾನಾ ಅಲ್ಲ, ಬಾಡೋ’ ಅಂದರು. ಬಾಡೋ ಅಂದರೆ ಇನ್ನೂ ಇಲ್ಲ. ಮದುವೆ ಆಯಿತಾ ಅಂದರೂ, ಊಟ ಆಯಿತಾ ಅಂದರೂ, ಆಗಿಲ್ಲದಿದ್ದರೆ ಅಲ್ಲಿ ಯಾರೂ ಬರೀ ಇಲ್ಲ ಅನ್ನುವುದಿಲ್ಲ. ಬಾಡೋ ಅನ್ನುತ್ತಾರೆ. ಕೇಳಿದವರೂ ಅಲ್ಲಿಗೆ ಬಿಡುತ್ತಾರೆ. ಯಾಕೆ, ಏನು, ಡಾಕ್ಟರ್‌ಗೆ ತೋರಿಸಿದ್ರಾ ಅಂತ ಕೆದಕುವುದಿಲ್ಲ. ನಾನು ಅವತ್ತು ಆ ಒಲೆಯ ಮುಂದೆ ಅತ್ತುಬಿಟ್ಟೆ. ಹೊಗೆ ಅಂತ ಸುಮ್ನೆ ಹೇಳಿದೆ. ಮಾಮಾ ಏನೂ ಕೇಳಲಿಲ್ಲ. ಪೋಲೆ ಅಂದು ಬೆನ್ನು ಸವರಿದರು.

ಮೂರನೇ ವರ್ಷ ರಜೆಗೆ ಊರಿಗೆ ಬಂದಾಗ ತಂಗಿಯ ಮದುವೆ. ಸಭೆಯ ನಡುವೆ ಚಿಕ್ಕಮ್ಮ ಕೈ ಹಿಡಿದು ಕೇಳಿದರು, ‘ಮಗಾ, ಏನಾದ್ರೂ ವಿಶೇಷ ಉಂಟಾ?’

‘ಬಾಡೋ’ ಅಂದೆ. ಯೋಚಿಸದೆ ಬಾಯಿಗೆ ಬಂದದ್ದು.

‘ಅದೆಂತ ಭಾಷೆ?’

‘ಸ್ವಾಹಿಲಿ, ಚಿಕ್ಕಮ್ಮ. ಇನ್ನೂ ಇಲ್ಲ ಅಂತ.’

ಅವರು ಆ ಮಾತನ್ನು ಒಮ್ಮೆ ತಾವೂ ಹೇಳಿ ನೋಡಿದರು. ಆಮೇಲೆ ನನ್ನನ್ನು ಕರೆದುಕೊಂಡು ಹೋಗಿ, ಊಟದ ಸಾಲಿನಲ್ಲಿ ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು.