ಜಿಲೇಬಿ ಮೀನಿನ ಕಾರ್ಟಿಸಾಲ್ ಮತ್ತು ಅದರ ಗ್ರಾಹಿಗಳು: ಪ್ರಯೋಗಾಲಯದ ನನ್ನ ಅನುಭವ

ಮೈಸೂರು, ಮಂಡ್ಯ ಭಾಗದ ಕೆರೆಗಳಲ್ಲಿ ಜನರು ಜಿಲೇಬಿ ಎಂದು ಕರೆಯುವ ಮೀನು ಆಫ್ರಿಕಾ ಮೂಲದ ಮೊಸಾಂಬಿಕ್ ತಿಲಾಪಿಯ. 1952ರಲ್ಲಿ ಭಾರತಕ್ಕೆ ಬಂದ ಈ ಮೀನಿನ ಬಗ್ಗೆ ಪರಿಸರದ ದೃಷ್ಟಿಯಿಂದ ಹಲವು ಆಕ್ಷೇಪಗಳಿದ್ದರೂ, ಮಾನಸಗಂಗೋತ್ರಿಯಲ್ಲಿ ಸಂಶೋಧನೆ ಆರಂಭಿಸಿದಾಗ ನಾನು ಇದನ್ನೇ ಆರಿಸಿಕೊಂಡೆ. ಇದರ ದೇಹದೊಳಗಿನ ಸ್ಥಿತಿ ಹೊರಗೇ ಕಾಣುತ್ತದೆ: ಮೇಲುಗೈ ಪಡೆದ ಗಂಡು ಕಪ್ಪಾಗಿ, ಮರಳಿನಲ್ಲಿ ಬಾಯಿಯಿಂದ ಗುಂಡಿ ತೋಡಿ ಅದನ್ನು ಕಾಯುತ್ತದೆ, ಸೋತ ಗಂಡು ಬೆಳ್ಳಿ ಬಣ್ಣದಲ್ಲೇ ಉಳಿದು ಮೂಲೆ ಸೇರುತ್ತದೆ, ಹೆಣ್ಣು ಮೊಟ್ಟೆ, ಮರಿಗಳನ್ನು ಬಾಯೊಳಗೆ ಇಟ್ಟುಕೊಂಡು ಸಾಕುತ್ತದೆ.

ನನ್ನ ಪ್ರಶ್ನೆ ಹೆಣ್ಣು ಮೀನಿನದು. ಒತ್ತಡಕ್ಕೆ ಸಿಲುಕಿದ ಮೀನಿನ ಅಂಡಾಶಯದಲ್ಲಿ ಮೊಟ್ಟೆಗಳ ಬೆಳವಣಿಗೆ ಏಕೆ ನಿಲ್ಲುತ್ತದೆ? ಒತ್ತಡದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಏರುವುದು ಬಹಳ ಹಿಂದಿನಿಂದ ತಿಳಿದಿರುವ ಸಂಗತಿಯಾದ್ದರಿಂದ, ರಕ್ತದಲ್ಲಿ ಅದರ ಪ್ರಮಾಣ ಅಳೆಯುವುದು ಸಹಜವಾದ ಮೊದಲ ಹೆಜ್ಜೆಯಾಗಿತ್ತು. ಆದರೆ ಪ್ರಮಾಣ ಹೆಚ್ಚೆಂದು ತಿಳಿದ ಮಾತ್ರಕ್ಕೆ ಅಂಡಾಶಯದಲ್ಲಿ ಏನಾಯಿತೆಂದು ತಿಳಿಯುವುದಿಲ್ಲ. ಹಾರ್ಮೋನಿನ ಸಂದೇಶವನ್ನು ಸ್ವೀಕರಿಸುವ ಗ್ರಾಹಿ, ಅಂದರೆ ರಿಸೆಪ್ಟರ್, ಆ ಜೀವಕೋಶದಲ್ಲಿ ಇದೆಯೇ, ಎಷ್ಟಿದೆ, ಯಾವ ಬಗೆಯದು ಎಂಬುದೇ ಪರಿಣಾಮವನ್ನು ನಿರ್ಧರಿಸುತ್ತದೆ. ಇದೇ ಮೀನಿನ ಗಂಡುಗಳನ್ನು ಕನ್ನಡಿಯ ಮುಂದೆ ಬಿಟ್ಟ ಪ್ರಯೋಗವೊಂದು 2005ರಲ್ಲಿ ಪ್ರಕಟವಾಯಿತು. ತಮ್ಮ ಪ್ರತಿಬಿಂಬದೊಂದಿಗೆ ಅವು ತೀವ್ರವಾಗಿ ಕಾದಾಡಿದರೂ ಗಂಡುಹಾರ್ಮೋನಿನ ಪ್ರಮಾಣ ಏರಲಿಲ್ಲ. ನಡವಳಿಕೆಯನ್ನೂ ರಕ್ತದ ಅಂಕಿಯನ್ನೂ ನೇರವಾಗಿ ಜೋಡಿಸಬಾರದೆಂದು ವಿದ್ಯಾರ್ಥಿಗಳಿಗೆ ಹೇಳುವಾಗ ನಾನು ಇಂದಿಗೂ ಈ ಉದಾಹರಣೆಯನ್ನೇ ಕೊಡುತ್ತೇನೆ.

ಮೀನುಗಳಲ್ಲಿ ಗ್ರಾಹಿಗಳ ಲೆಕ್ಕ ಮನುಷ್ಯರಿಗಿಂತ ಜಟಿಲ. ಎಲುಬುಮೀನುಗಳ ಪೂರ್ವಜರಲ್ಲಿ ಮೂವತ್ತು ಕೋಟಿ ವರ್ಷಗಳಿಗೂ ಹಿಂದೆ ಇಡೀ ಜೀನೋಮ್, ಅಂದರೆ ಜೀನ್‌ಗಳ ಪೂರ್ಣ ಸಮೂಹ, ಇಮ್ಮಡಿಯಾದ ಕಾರಣ, ಬಹುಪಾಲು ಜಾತಿಗಳಲ್ಲಿ ಕಾರ್ಟಿಸಾಲ್ ಸ್ವೀಕರಿಸುವ ಗ್ಲೂಕೋಕಾರ್ಟಿಕಾಯ್ಡ್ ಗ್ರಾಹಿಗಳು ಎರಡಿವೆ. ಇವುಗಳ ಜೊತೆಗೆ ಮಿನರಲೋಕಾರ್ಟಿಕಾಯ್ಡ್ ಗ್ರಾಹಿಯೂ ಇದ್ದು, ಮನುಷ್ಯರಲ್ಲಿ ಈ ಗ್ರಾಹಿಗೆ ಅಂಟುವ ಆಲ್ಡೋಸ್ಟೆರಾನ್ ಹಾರ್ಮೋನು ಮೀನಿನಲ್ಲಿ ಹೇಳಿಕೊಳ್ಳುವಷ್ಟು ಇಲ್ಲದಿರುವುದರಿಂದ ಅದಕ್ಕೂ ಕಾರ್ಟಿಸಾಲ್ ಅಂಟಿಕೊಳ್ಳುತ್ತದೆ. ಜೀಬ್ರಾಮೀನಿನಲ್ಲಿ ಗ್ಲೂಕೋಕಾರ್ಟಿಕಾಯ್ಡ್ ಗ್ರಾಹಿ ಒಂದೇ ಉಳಿದಿದೆ. ಹೀಗಾಗಿ ಆ ಮೀನಿನ ಫಲಿತಾಂಶವನ್ನು ಜಿಲೇಬಿಗೆ ಹಾಗೆಯೇ ಅನ್ವಯಿಸಲಾಗದು.

ಪ್ರಾಣಿ ನೀತಿ ಸಮಿತಿಯ ಅನುಮತಿ ಪಡೆದ ಮೇಲೆ ಹೆಣ್ಣುಗಳನ್ನು ಗುಂಪುಗಳಾಗಿ ವಿಂಗಡಿಸಿದೆ. ಒಂದು ಗುಂಪಿಗೆ ಒತ್ತಡ ಕೊಡದೆ ಬಿಟ್ಟೆ. ಇನ್ನೊಂದಕ್ಕೆ ಬಲೆಯಿಂದ ಅಟ್ಟುವುದು, ನೀರಿನ ಮಟ್ಟ ಇಳಿಸುವುದು ಮೊದಲಾದ ಒತ್ತಡ ಕೊಟ್ಟೆ. ಮತ್ತೊಂದಕ್ಕೆ ಅದೇ ಒತ್ತಡದ ಜೊತೆಗೆ ಗ್ಲೂಕೋಕಾರ್ಟಿಕಾಯ್ಡ್ ಗ್ರಾಹಿಯನ್ನು ತಡೆಯುವ ಮಿಫೆಪ್ರಿಸ್ಟೋನ್ ಕೊಟ್ಟೆ. ಔಷಧವನ್ನು ಕರಗಿಸಲು ಬಳಸಿದ ದ್ರಾವಕವನ್ನು ಔಷಧವಿಲ್ಲದ ಗುಂಪುಗಳಿಗೂ ಅಷ್ಟೇ ಪ್ರಮಾಣದಲ್ಲಿ ಕೊಡುವುದು ಕಡ್ಡಾಯ. ಇಲ್ಲವಾದರೆ ದ್ರಾವಕದ ಪರಿಣಾಮ ಯಾವುದು, ಔಷಧದ ಪರಿಣಾಮ ಯಾವುದು ಎಂದು ಬೇರ್ಪಡಿಸಲಾಗದು. ಕೈಗೆ ಸಿಕ್ಕ ಕೆಲವೇ ನಿಮಿಷಗಳಲ್ಲಿ ಮೀನಿನ ಕಾರ್ಟಿಸಾಲ್ ಏರತೊಡಗುವುದರಿಂದ, ರಕ್ತ ತೆಗೆಯುವ ಕೆಲಸವನ್ನು ಇಬ್ಬರು ಸೇರಿ, ಒಂದು ತೊಟ್ಟಿಯಿಂದ ಒಂದೇ ಬಾರಿಗೆ ಮೀನು ಹಿಡಿದು, ಮೂರು ನಿಮಿಷದೊಳಗೆ ಬಾಲದ ರಕ್ತನಾಳದಿಂದ ಮುಗಿಸುವ ಪದ್ಧತಿ ಇಟ್ಟುಕೊಂಡೆವು. ಅಂಡಾಶಯವನ್ನು ಕೆಡದಂತೆ ಕಾಪಾಡುವ ಬೂಯಿನ್ ದ್ರಾವಣದಲ್ಲಿಟ್ಟು, ಮೇಣದಲ್ಲಿ ಕೂರಿಸಿ, ತೆಳು ಸೀಳುಗಳನ್ನಾಗಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಒತ್ತಡಕ್ಕೆ ಒಳಗಾದವುಗಳಲ್ಲಿ ಹಳದಿ ಭಾಗ (ಯೋಕ್) ತುಂಬಿದ ಮೊಟ್ಟೆಕೋಶಗಳು ಕಡಿಮೆಯಾಗಿ, ಕ್ಷೀಣಿಸುತ್ತಿರುವವು ಹೆಚ್ಚಾಗಿದ್ದವು. ಮಿಫೆಪ್ರಿಸ್ಟೋನ್ ಪಡೆದವುಗಳಲ್ಲಿ ಈ ಹಾನಿ ತಗ್ಗಿತ್ತು, ಪೂರ್ತಿ ಇಲ್ಲವಾಗಿರಲಿಲ್ಲ.

ಈ ಫಲಿತಾಂಶವನ್ನು ಅರ್ಥೈಸುವಲ್ಲಿ ನಾನು ಬಹಳ ಎಚ್ಚರ ವಹಿಸಿದೆ. ಮಿಫೆಪ್ರಿಸ್ಟೋನ್ ವೈದ್ಯಕೀಯದಲ್ಲಿ ಪ್ರೊಜೆಸ್ಟರಾನ್ ಗ್ರಾಹಿಯನ್ನು ತಡೆಯುವ ಔಷಧವೆಂದೇ ಹೆಸರಾಗಿದೆ. ಮೀನಿನ ಮೊಟ್ಟೆ ಕೊನೆಯ ಹಂತದಲ್ಲಿ ಮಾಗುವುದಕ್ಕೆ ಪ್ರೊಜೆಸ್ಟರಾನ್ ಬಗೆಯ ಹಾರ್ಮೋನೇ ಬೇಕು. ಹಾಗಾಗಿ ಅಂಡಾಶಯದಲ್ಲಿ ಕಂಡ ಬದಲಾವಣೆಯನ್ನೆಲ್ಲ ಕಾರ್ಟಿಸಾಲ್ ಗ್ರಾಹಿಯ ಲೆಕ್ಕಕ್ಕೆ ಹಾಕುವುದು ನ್ಯಾಯವಲ್ಲ. ಇದನ್ನು ಬೇರೆ ದಾರಿಯಿಂದ ಪರೀಕ್ಷಿಸಲು, ಒಂದು ಕಿಣ್ವವನ್ನು ತಡೆದು ಕಾರ್ಟಿಸಾಲ್ ತಯಾರಿಕೆಯನ್ನೇ ನಿಲ್ಲಿಸುವ ಮೆಟಿರಾಪೋನ್ ಕೊಟ್ಟ ಗುಂಪೊಂದನ್ನು ಸೇರಿಸಿದೆ. ಅಲ್ಲೂ ಹಾನಿ ತಗ್ಗಿದ್ದರಿಂದ ನನ್ನ ಊಹೆಗೆ ಬಲ ಬಂತು. ಗಂಡು ಮೀನಿನಲ್ಲಿ ಈ ಉಪಾಯ ನಡೆಯುವುದಿಲ್ಲ. ಮೀನಿನ ಮುಖ್ಯ ಗಂಡುಹಾರ್ಮೋನಾದ 11-ಕೀಟೋಟೆಸ್ಟೋಸ್ಟೆರಾನ್ ತಯಾರಾಗಲೂ ಅದೇ ಕಿಣ್ವ ಬೇಕಾಗಿರುವುದರಿಂದ, ಮೆಟಿರಾಪೋನ್ ಎರಡನ್ನೂ ಒಟ್ಟಿಗೆ ಕಡಿಮೆ ಮಾಡುತ್ತದೆ. ಮಿನರಲೋಕಾರ್ಟಿಕಾಯ್ಡ್ ಗ್ರಾಹಿಯ ವಿಷಯದಲ್ಲೂ ಹೀಗೆಯೇ ಜಾಗ್ರತೆ ಬೇಕು: ಮನುಷ್ಯರಲ್ಲಿ ಆ ಗ್ರಾಹಿಯನ್ನು ತಡೆಯುವ ಸ್ಪೈರೋನೋಲ್ಯಾಕ್ಟೋನ್, ಟ್ರೌಟ್ ಮತ್ತು ಜೀಬ್ರಾಮೀನಿನ ಗ್ರಾಹಿಯನ್ನು ಚುರುಕುಗೊಳಿಸುತ್ತದೆ. ಸಸ್ತನಿಗಳ ಔಷಧದ ಹೆಸರು ನೋಡಿ ಮೀನಿನ ಪ್ರಯೋಗ ರೂಪಿಸಬಾರದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ನನಗೆ ಸಿಕ್ಕಿಲ್ಲ.

ಸಮಯದ ಆಯ್ಕೆಯೂ ಗ್ರಾಹಿಯನ್ನೇ ಅವಲಂಬಿಸಿದೆ. ಕಾರ್ಟಿಸಾಲ್ ಅಂಟಿದ ಗ್ರಾಹಿ ಕೋಶಕೇಂದ್ರಕ್ಕೆ ಹೋಗಿ, ಡಿಎನ್‌ಎ ಮೇಲೆ ಕುಳಿತು, ಜೀನ್‌ಗಳ ಕೆಲಸ ಬದಲಿಸಿ, ಹೊಸ ಪ್ರೋಟೀನ್ ತಯಾರಾಗಲು ಗಂಟೆಗಳೇ ಬೇಕು. ಕೋಶಪೊರೆಯ ಮೇಲಿನ ಗ್ರಾಹಿಗಳ ಮೂಲಕ ಬರುವ ಪ್ರತಿಕ್ರಿಯೆ ನಿಮಿಷಗಳಲ್ಲೇ ಕಾಣುತ್ತದೆ. ಆದ್ದರಿಂದ ಅಟ್ಟಿದ ತಕ್ಷಣದ ನಡವಳಿಕೆಯನ್ನೂ ದಿನಗಳ ನಂತರದ ಅಂಡಾಶಯವನ್ನೂ ಒಂದೇ ಕಾರ್ಯವಿಧಾನದ ಎರಡು ಮುಖಗಳೆಂದು ನಾನು ಬರೆಯಲಿಲ್ಲ.

ಎರಡು ಗ್ಲೂಕೋಕಾರ್ಟಿಕಾಯ್ಡ್ ಗ್ರಾಹಿಗಳನ್ನು ಔಷಧದಿಂದ ಬೇರ್ಪಡಿಸಲು ನನ್ನ ಕೈಯಲ್ಲಿ ಉಪಾಯವಿಲ್ಲ. ಜಿಲೇಬಿಯ ಹತ್ತಿರದ ಸಂಬಂಧಿಯಾದ ಆಫ್ರಿಕದ ಒಂದು ಸಿಕ್ಲಿಡ್ ಮೀನಿನಲ್ಲಿ ಜೀನ್‌ಗಳನ್ನು ತಿದ್ದುವ ಕ್ರಿಸ್ಪರ್ ವಿಧಾನದಿಂದ ಗಂಡುಹಾರ್ಮೋನಿನ ಎರಡು ಗ್ರಾಹಿಗಳನ್ನು ಪ್ರತ್ಯೇಕವಾಗಿ ಕೆಡಿಸಿ, ಒಂದು ಆಕ್ರಮಣಶೀಲತೆಗೂ ಸಂತಾನೋತ್ಪತ್ತಿಯ ನಡವಳಿಕೆಗೂ, ಇನ್ನೊಂದು ಮೈಬಣ್ಣಕ್ಕೂ ವೃಷಣದ ಬೆಳವಣಿಗೆಗೂ ಬೇಕೆಂದು 2020ರಲ್ಲಿ ತೋರಿಸಲಾಗಿದೆ. ಕಾರ್ಟಿಸಾಲ್ ಗ್ರಾಹಿಗಳಿಗೂ ಅಂಥ ಕೆಲಸ ನಡೆಯಬೇಕೆಂಬುದು ನನ್ನ ಗಾಢ ಆಸೆ. ಅದಕ್ಕೆ ಮೊದಲು ಅಂಡಾಶಯದಲ್ಲಿ ಎರಡರ ಆರ್‌ಎನ್‌ಎಯನ್ನೂ ಬೇರೆಬೇರೆಯಾಗಿ ಅಳೆಯುತ್ತಿದ್ದೇನೆ. ಡಿಎನ್‌ಎಗೆ ಅಂಟುವ ಭಾಗ ಎರಡರಲ್ಲೂ ಬಹುತೇಕ ಒಂದೇ ರೀತಿ ಇರುವುದರಿಂದ, ಅಳತೆಗೆ ಬಳಸುವ ಚಿಕ್ಕ ಡಿಎನ್‌ಎ ತುಣುಕುಗಳಾದ ಪ್ರೈಮರ್‌ಗಳನ್ನು ಅಲ್ಲಿಗೆ ಹೊಂದಿಸದೆ, ಹೆಚ್ಚು ಭಿನ್ನವಾಗಿರುವ ಮುಂತುದಿಯ ಭಾಗಕ್ಕೆ ಹೊಂದಿಸಿ, ಬಂದ ತುಣುಕನ್ನು ಸೀಕ್ವೆನ್ಸಿಂಗ್ ಮಾಡಿಸಿ, ಅಂದರೆ ಅದರ ಅಕ್ಷರಕ್ರಮ ಓದಿಸಿ, ಖಚಿತಪಡಿಸಿಕೊಂಡ ಮೇಲಷ್ಟೇ ಅಳತೆಗೆ ಕೈ ಹಾಕುತ್ತೇನೆ.