ಸ್ಟ್ರಕ್ಚರಲ್ ಡಿಸೈನ್ ಸಂದರ್ಶನ: ಒಂದು ಬೀಮ್ ಹಿಡಿದು ತಯಾರಿ ಶುರು ಮಾಡಿ

ಸಿವಿಲ್ ಬಿ.ಇ. ಅಥವಾ ಸ್ಟ್ರಕ್ಚರ್ಸ್ ಎಂ.ಟೆಕ್. ಮುಗಿಸಿ ಬೆಂಗಳೂರಿನ ಡಿಸೈನ್ ಕಚೇರಿಗಳಿಗೆ ಅರ್ಜಿ ಹಾಕುವವರಲ್ಲಿ ಬಹಳ ಮಂದಿ ಮೊದಲು ಸೇರುವುದು ಸಾಫ್ಟ್‌ವೇರ್ ಕೋರ್ಸಿಗೆ. ಸಂದರ್ಶನದ ಮೇಜಿನ ಮೇಲೆ ಇರುವುದು ಮಾತ್ರ ಬಿಳಿ ಹಾಳೆ ಮತ್ತು ಪೆನ್ನು. ಸ್ಲ್ಯಾಬಿನ ಮೇಲೆ ಬಿದ್ದ ಭಾರ ಬೀಮಿಗೆ, ಬೀಮಿನಿಂದ ಕಾಲಂಗೆ, ಕಾಲಂನಿಂದ ಫೂಟಿಂಗಿಗೆ ಹೇಗೆ ಇಳಿಯುತ್ತದೆ ಎಂಬುದನ್ನು ಕೈಲೆಕ್ಕದಲ್ಲಿ ತೋರಿಸಬಲ್ಲವರಿಗೆ ಅರ್ಧ ಕೆಲಸ ಅಲ್ಲೇ ಮುಗಿದಂತೆ. ಆದ್ದರಿಂದ ತಯಾರಿಯನ್ನೂ ಅಲ್ಲಿಂದಲೇ ಶುರು ಮಾಡಿ.

ಬಾಗುವ ಆಕಾರ ಮೊದಲು, ಸೂತ್ರ ಆಮೇಲೆ

ಸಿಂಪ್ಲಿ ಸಪೋರ್ಟೆಡ್, ಕ್ಯಾಂಟಿಲಿವರ್, ಎರಡೂ ತುದಿ ಫಿಕ್ಸ್ ಆದದ್ದು, ಎರಡು ಸ್ಪ್ಯಾನಿನ ಕಂಟಿನ್ಯುಯಸ್ ಬೀಮ್, ಪಕ್ಕಕ್ಕೆ ತಳ್ಳಿಸಿಕೊಂಡ ಪೋರ್ಟಲ್ ಫ್ರೇಮ್: ಈ ಐದನ್ನೂ ಬರೆಯಿರಿ. ಪ್ರತಿಯೊಂದಕ್ಕೂ ಮೊದಲು ಅದು ಬಾಗುವ ಆಕಾರ, ಅದನ್ನು ನೋಡಿ ಬೆಂಡಿಂಗ್ ಮೊಮೆಂಟ್ ಡಯಾಗ್ರಾಂ, ಕೊನೆಗೆ ಸರಳು ಬರುವ ಜಾಗ. ಎಳೆತ ಇರುವ ಕಡೆ ಸರಳು. ಕ್ಯಾಂಟಿಲಿವರ್ ಬಾಲ್ಕನಿಗೆ ಮುಖ್ಯ ಸರಳು ಮೇಲ್ಭಾಗದಲ್ಲಿ ಬರಬೇಕು ಎಂಬುದು ಎಲ್ಲರಿಗೂ ಗೊತ್ತು. ಆದರೆ ‘ಆ ಸರಳನ್ನು ಒಳಗೆ ಎಷ್ಟು ಉದ್ದ ಒಯ್ಯುತ್ತೀರಿ?’ ಎಂದಾಗ ಹಲವರು ತಡವರಿಸುತ್ತಾರೆ. ಎಂ25 ದರ್ಜೆಯ ಕಾಂಕ್ರೀಟ್, ಎಫ್‌ಇ 500 ದರ್ಜೆಯ ಸರಳಿಗೆ ಡೆವಲಪ್‌ಮೆಂಟ್ ಲೆಂಗ್ತ್ (ಸರಳು ಜಾರದಂತೆ ಕಾಂಕ್ರೀಟ್ ಹಿಡಿದುಕೊಳ್ಳಲು ಬೇಕಾದ ಉದ್ದ) ಸುಮಾರು 49 ಪಟ್ಟು ವ್ಯಾಸ, 12 ಮಿ.ಮೀ. ಸರಳಿಗೆ ಹತ್ತಿರ ಹತ್ತಿರ 590 ಮಿ.ಮೀ. ಇದು ಕನಿಷ್ಠ. ಒಳಗಿನ ಸ್ಲ್ಯಾಬಿನಲ್ಲಿ ಮೇಲ್ಭಾಗದ ಎಳೆತ ಅದಕ್ಕೂ ಮುಂದೆ ಹೋಗಿದ್ದರೆ ಸರಳೂ ಅಲ್ಲಿಯವರೆಗೆ ಹೋಗಬೇಕು.

ಸೂತ್ರಗಳಲ್ಲಿ ನಾಲಿಗೆಯ ತುದಿಯಲ್ಲಿ ಇರಬೇಕಾದವು ಕೆಲವೇ. ಸಿಂಪ್ಲಿ ಸಪೋರ್ಟೆಡ್ ಬೀಮಿನ ನಡುವೆ ಮೊಮೆಂಟ್ ಡಬ್ಲ್ಯು ಎಲ್ ಸ್ಕ್ವೇರ್ ಬೈ 8 (ಡಬ್ಲ್ಯು ಎಂದರೆ ಮೀಟರಿಗೆ ಭಾರ, ಎಲ್ ಎಂದರೆ ಸ್ಪ್ಯಾನ್). ಫಿಕ್ಸ್ ಆದದ್ದಕ್ಕೆ ತುದಿಯಲ್ಲಿ ಬೈ 12, ನಡುವೆ ಬೈ 24. ಕ್ಯಾಂಟಿಲಿವರಿಗೆ ಬೈ 2. ಬೈ 12 ಮತ್ತು ಬೈ 24 ಕೂಡಿಸಿದರೆ ಮತ್ತೆ ಬೈ 8 ಬರುತ್ತದೆ. ಅದು ಏಕೆ ಎಂದು ವಿವರಿಸಬಲ್ಲವರು ಸೂತ್ರವನ್ನು ಬಾಯಿಪಾಠ ಮಾಡಿದವರಲ್ಲ ಎಂದು ಎದುರಿಗಿದ್ದವರಿಗೆ ಕೂಡಲೇ ತಿಳಿಯುತ್ತದೆ.

ಒಂದು ಬೀಮ್, ಪೂರ್ತಿ ಲೆಕ್ಕ

5 ಮೀಟರ್ ಸ್ಪ್ಯಾನಿನ ಸಿಂಪ್ಲಿ ಸಪೋರ್ಟೆಡ್ ಬೀಮ್, ಅಳತೆ 230 × 450 ಮಿ.ಮೀ. ಅದಕ್ಕೆ ಭಾರ ಕೊಡುವ ಸ್ಲ್ಯಾಬಿನ ಅಗಲ 3 ಮೀಟರ್, ದಪ್ಪ 150 ಮಿ.ಮೀ. ಬೀಮಿನ ಮೇಲೆ 230 ಮಿ.ಮೀ. ಇಟ್ಟಿಗೆ ಗೋಡೆ, ಮಹಡಿ ಎತ್ತರ 3 ಮೀಟರ್.

ಸ್ಲ್ಯಾಬಿನ ಸ್ವಂತ ಭಾರ ಚದರ ಮೀಟರಿಗೆ 3.75 ಕಿಲೋನ್ಯೂಟನ್, ಫ್ಲೋರ್ ಫಿನಿಶ್ 1.25, ವಾಸದ ಮನೆಯ ಲೈವ್ ಲೋಡ್ 2, ಒಟ್ಟು 7. ಮೂರು ಮೀಟರಿಗೆ 21. ಸ್ಲ್ಯಾಬಿನ ಕೆಳಗೆ ಕಾಣುವ ಬೀಮಿನ ಭಾಗಕ್ಕೆ 1.7. ಗೋಡೆಗೆ 0.23 × 2.55 × 20, ಅಂದರೆ 11.7. ಎಲ್ಲ ಸೇರಿ ಮೀಟರಿಗೆ 34.4 ಕಿಲೋನ್ಯೂಟನ್; ಸುರಕ್ಷತೆಯ ಅಂಶ 1.5ರಿಂದ ಗುಣಿಸಿದರೆ 51.6. ಮೊಮೆಂಟ್ 161 ಕಿಲೋನ್ಯೂಟನ್ ಮೀಟರ್, ಶಿಯರ್ 129 ಕಿಲೋನ್ಯೂಟನ್. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಗೋಡೆಯನ್ನೇ ಮರೆಯುವುದು. ಒಟ್ಟು ಭಾರದ ಮೂರನೇ ಒಂದು ಪಾಲು ಅದೇ ಇದೆ, ನೋಡಿ.

ಎಫೆಕ್ಟಿವ್ ಡೆಪ್ತ್ (ಬೀಮಿನ ಮೇಲ್ಮೈಯಿಂದ ಸರಳಿನ ನಡುವಿನವರೆಗಿನ ಆಳ) 400 ಮಿ.ಮೀ. ಎಂದುಕೊಂಡರೆ, ಎಂ25 ಕಾಂಕ್ರೀಟಿನ ಆಯತಾಕಾರದ ಸೆಕ್ಷನ್ನಿನ ಮೊಮೆಂಟ್ ಮಿತಿ ಸುಮಾರು 122 ಕಿಲೋನ್ಯೂಟನ್ ಮೀಟರ್. ‘161 ಇದೆಯಲ್ಲ, ಈಗೇನು ಮಾಡುತ್ತೀರಿ?’ ಎಂಬುದು ಮುಂದಿನ ಪ್ರಶ್ನೆ. ತಕ್ಷಣ ‘ಡಬ್ಲಿ ರೀಇನ್‌ಫೋರ್ಸ್‌ಡ್ ಮಾಡುತ್ತೇನೆ’ (ಒತ್ತಡದ ಕಡೆಗೂ ಸರಳು ಇಡುತ್ತೇನೆ) ಎನ್ನಬೇಡಿ. ಸ್ಲ್ಯಾಬ್ ಮತ್ತು ಬೀಮ್ ಒಟ್ಟಿಗೇ ಕಾಂಕ್ರೀಟ್ ಆಗಿದ್ದರೆ ನಡುವೆ ಅದು ಟಿ ಬೀಮ್. ಸುಮಾರು ಎರಡು ಮೀಟರ್ ಅಗಲದ ಸ್ಲ್ಯಾಬ್ ಒತ್ತಡ ಹೊರಲು ಜತೆಗೂಡುತ್ತದೆ, ನ್ಯೂಟ್ರಲ್ ಆಕ್ಸಿಸ್ (ಎಳೆತವೂ ಒತ್ತಡವೂ ಇಲ್ಲದ ಗೆರೆ) ಸ್ಲ್ಯಾಬಿನೊಳಗೇ ಉಳಿಯುತ್ತದೆ. ಬೇಕಾಗುವ ಕಬ್ಬಿಣ ಸುಮಾರು 950 ಚದರ ಮಿ.ಮೀ.; ಎರಡು 20, ಎರಡು 16 ಸರಳು ಇಟ್ಟರೆ 1030 ಆಗುತ್ತದೆ.

ಸರಳು ಕೂರುತ್ತದೆಯೇ ಎಂದೂ ನೋಡಿ. ಎರಡೂ ಬದಿಯಲ್ಲಿ 30 ಮಿ.ಮೀ. ಕವರ್ (ಹೊರಗಿನ ಕಾಂಕ್ರೀಟ್ ಪದರ), 8 ಮಿ.ಮೀ. ರಿಂಗ್ (ಸರಳುಗಳನ್ನು ಸುತ್ತುವ ಸ್ಟಿರಪ್) ಕಳೆದರೆ 230ರಲ್ಲಿ ಉಳಿಯುವುದು 154. ನಾಲ್ಕೂ 20 ಮಿ.ಮೀ. ಸರಳಾದರೆ ನಡುವಿನ ಸಂದು 24.7, 20 ಮಿ.ಮೀ. ಜಲ್ಲಿಗೆ ಬೇಕಾದ 25ಕ್ಕೆ ಕೂದಲೆಳೆಯಷ್ಟು ಕಡಿಮೆ. ಎರಡು 20, ಎರಡು 16 ಆದರೆ 27.3 ಸಿಗುತ್ತದೆ. ಇಷ್ಟನ್ನು ಕೇಳುವ ಮೊದಲೇ ಹೇಳಿದರೆ ನಿಮ್ಮ ಡ್ರಾಯಿಂಗ್ ಸೈಟಿನಲ್ಲಿ ಕಟ್ಟಲು ಬರುತ್ತದೆ ಎಂಬ ನಂಬಿಕೆ ಹುಟ್ಟುತ್ತದೆ. ಸ್ಪ್ಯಾನ್, ದಪ್ಪ, ಗೋಡೆ ಬದಲಿಸಿ ಇಂಥದ್ದೇ ಹತ್ತು ಬೀಮ್ ಮಾಡಿ. ನಂತರ ಒಂದು ಕಾಲಂ, ಒಂದು ಫೂಟಿಂಗ್ ಸಾಕು.

ಕೋಡ್ ಓದುವ ಕ್ರಮ

ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456:2000 ಪೂರ್ತಿ ಓದಲು ಹೊರಟರೆ ನಡುವೆಯೇ ಕೈಬಿಡುತ್ತೀರಿ. ಮೇಲಿನ ಲೆಕ್ಕ ಮಾಡುತ್ತಾ ಬೇಕಾದ ಕ್ಲಾಸ್ (ನಿಯಮದ ಖಂಡ) ತೆರೆಯಿರಿ: ಕವರ್, ಸ್ಪ್ಯಾನ್–ಡೆಪ್ತ್ ಅನುಪಾತ (ಕ್ಯಾಂಟಿಲಿವರ್ 7, ಸಿಂಪ್ಲಿ ಸಪೋರ್ಟೆಡ್ 20, ಕಂಟಿನ್ಯುಯಸ್ 26), ಕನಿಷ್ಠ ಕಬ್ಬಿಣ, ಶಿಯರ್. ಭಾರಕ್ಕೆ ಐಎಸ್ 875, ಭೂಕಂಪಕ್ಕೆ ಐಎಸ್ 1893, ಡಿಟೇಲಿಂಗಿಗೆ ಐಎಸ್ 13920. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಜಾಲತಾಣದಲ್ಲಿ ನೋಂದಾಯಿಸಿಕೊಂಡರೆ ಇವು ಉಚಿತವಾಗಿ ಸಿಗುತ್ತವೆ. ಉತ್ತರಿಸುವಾಗ ಕೋಡಿನ ವರ್ಷವನ್ನೂ ಹೇಳಿ, ಏಕೆಂದರೆ ಆವೃತ್ತಿ ಬದಲಾದಾಗ ಅಂಕಿಗಳೂ ಬದಲಾಗುತ್ತವೆ. ಉಕ್ಕಿನ ಶೆಡ್ ಮಾಡುವ ಕಚೇರಿಯಾದರೆ ಐಎಸ್ 800:2007 ಮತ್ತು ಬೋಲ್ಟ್, ವೆಲ್ಡ್ ಜಾಯಿಂಟುಗಳ ಕಡೆ ವಾಲಿ.

ಭೂಕಂಪದ ಪ್ರಶ್ನೆ ಬಂದೇ ಬರುತ್ತದೆ. 1893ರ 2016ರ ಆವೃತ್ತಿಯಲ್ಲಿ ಬೆಂಗಳೂರು ಝೋನ್ 2, ಝೋನ್ ಅಂಶ 0.10, ಮಂಗಳೂರು ಝೋನ್ 3, ಅಂಶ 0.16. ಬೆಂಗಳೂರಿನಲ್ಲಿ 12 ಮೀಟರ್ ಎತ್ತರದ, 10,000 ಕಿಲೋನ್ಯೂಟನ್ ತೂಕದ ವಾಸದ ಕಟ್ಟಡ ಎನ್ನಿ. ಬರೀ ಫ್ರೇಮಿನ ಪೀರಿಯಡ್ (ಒಮ್ಮೆ ಆಚೀಚೆ ತೂಗಲು ಹಿಡಿಯುವ ಸಮಯ) ಸುಮಾರು 0.48 ಸೆಕೆಂಡು. ಮಧ್ಯಮ ಮಣ್ಣಿಗೆ ವೇಗೋತ್ಕರ್ಷದ ಗುಣಾಂಕ 2.5 ಹಿಡಿದು, ಆರ್ ಅನ್ನು (ಬಲವನ್ನು ಇಳಿಸಿಕೊಳ್ಳಲು ಬಿಡುವ ರೆಸ್ಪಾನ್ಸ್ ರಿಡಕ್ಷನ್ ಫ್ಯಾಕ್ಟರ್) 5 ಎಂದರೆ ಬೇಸ್ ಶಿಯರ್ (ತಳದಲ್ಲಿ ಬರುವ ಒಟ್ಟು ಅಡ್ಡ ಬಲ) 250 ಕಿಲೋನ್ಯೂಟನ್. ಆರ್ 3 ಆದರೆ 417.

ಆರ್ 5 ತೆಗೆದುಕೊಂಡು ಬಲವನ್ನು ಇಳಿಸಿಕೊಂಡ ಮೇಲೆ 13920ರ ಡಕ್ಟೈಲ್ ಡಿಟೇಲಿಂಗ್ (ಒಮ್ಮೆಲೇ ಮುರಿಯದೆ ಬಾಗಿ ತಾಳುವಂತೆ ಸರಳು ಜೋಡಿಸುವುದು) ಬಿಡುವಂತಿಲ್ಲ. 2016ರ 13920 ಝೋನ್ 2ರಲ್ಲಿ ಐಚ್ಛಿಕ ಎಂದು ಹೇಳುವುದರಿಂದ ‘ಬೆಂಗಳೂರಿಗೆ ಅದು ಬೇಡ’ ಎಂದು ಉತ್ತರಿಸುವವರಿದ್ದಾರೆ. ಬೇಡವಾದರೆ ಆರ್ 3 ಹಿಡಿಯಿರಿ, ಎರಡೂ ಕಡೆಯ ಲಾಭ ಸಿಗದು. ನಮ್ಮ ಲೆಕ್ಕದ ಅಳತೆಯ ಬೀಮ್ ಡಕ್ಟೈಲ್ ಫ್ರೇಮಿನಲ್ಲಿದ್ದರೆ, ಕಾಲಂ ಮುಖದಿಂದ 800 ಮಿ.ಮೀ.ವರೆಗೆ ರಿಂಗಿನ ಅಂತರ 96 ಮಿ.ಮೀ. ಮೀರಬಾರದು (16 ಮಿ.ಮೀ. ಸರಳಿನ ಆರು ಪಟ್ಟು). ಕೊಕ್ಕೆ 135 ಡಿಗ್ರಿ. 90 ಡಿಗ್ರಿ ಕೊಕ್ಕೆಯಾದರೆ ಹೊರಗಿನ ಕಾಂಕ್ರೀಟ್ ಉದುರಿದಾಗ ರಿಂಗ್ ಬಿಚ್ಚಿಕೊಳ್ಳುತ್ತದೆ.

ಸಾಫ್ಟ್‌ವೇರ್

ಈಟ್ಯಾಬ್ಸ್ ಅಥವಾ ಸ್ಟ್ಯಾಡ್ ಗೊತ್ತು ಎಂದು ರೆಸ್ಯೂಮೆಯಲ್ಲಿ ಬರೆದರೆ, ಕೇಳುವುದು ಯಾವ ಬಟನ್ ಒತ್ತಿದಿರಿ ಎಂದಲ್ಲ, ಬಂದ ಉತ್ತರ ಸರಿ ಎಂದು ಹೇಗೆ ಗೊತ್ತಾಯಿತು ಎಂದು. ಮೂರು ಅಂತಸ್ತಿನ ಒಂದು ಚಿಕ್ಕ ಮಾಡೆಲ್ ಮಾಡಿ. ತಳದ ಒಟ್ಟು ರಿಯಾಕ್ಷನ್ ಕೈಲೆಕ್ಕದ ತೂಕಕ್ಕೆ ಹೊಂದುತ್ತದೆಯೇ ನೋಡಿ. ಬೀಮಿಗೆ 0.35, ಕಾಲಂಗೆ 0.7 ಸ್ಟಿಫ್‌ನೆಸ್ ಮಾಡಿಫೈಯರ್ (ಬಿಗಿತವನ್ನು ಇಳಿಸುವ ಗುಣಕ) ಏಕೆ ಕೊಡುತ್ತೇವೆ, ಮಾಸ್ ಸೋರ್ಸಿನಲ್ಲಿ (ಭೂಕಂಪದ ಲೆಕ್ಕಕ್ಕೆ ಹಿಡಿಯುವ ತೂಕದಲ್ಲಿ) ಲೈವ್ ಲೋಡಿನ 25 ಶೇಕಡಾ ಮಾತ್ರ ಏಕೆ (ಚದರ ಮೀಟರಿಗೆ 3 ಕಿಲೋನ್ಯೂಟನ್‌ವರೆಗೆ) ಎಂಬುದಕ್ಕೆ ಒಂದೊಂದು ವಾಕ್ಯದ ಉತ್ತರ ಇಟ್ಟುಕೊಳ್ಳಿ. ಮೊದಲ ಮೋಡಿನಲ್ಲೇ (ಕಂಪನದ ಮೊದಲ ರೂಪದಲ್ಲೇ) ಕಟ್ಟಡ ತಿರುಚಿಕೊಂಡರೆ ಲಿಫ್ಟ್ ಗೋಡೆ ಒಂದೇ ಮೂಲೆಗೆ ಸೇರಿದೆಯೇ ಎಂದು ಮೊದಲು ನೋಡಬೇಕು.

ಸಂದರ್ಶನದ ದಿನ

ನಿಮ್ಮ ಪ್ರಾಜೆಕ್ಟಿನ ಒಂದು ಫ್ರೇಮಿಂಗ್ ಪ್ಲಾನ್, ಒಂದು ಬೀಮ್ ಡಿಟೇಲ್ ಎ3 ಹಾಳೆಯಲ್ಲಿ ಮುದ್ರಿಸಿ ಒಯ್ಯಿರಿ. ಅದರಲ್ಲಿನ ಪ್ರತಿ ಅಳತೆಗೂ ಕಾರಣ ಹೇಳಲು ಬರಬೇಕು. 230 ಅಗಲದ ಕಾಲಂ ಇಟ್ಟಿದ್ದರೆ 13920 ಕೇಳುವ ಕನಿಷ್ಠ 300ರ ವಿಷಯ ಎತ್ತೇ ಎತ್ತುತ್ತಾರೆ. ಗುಂಪಿನಲ್ಲಿ ಮಾಡಿದ ಪ್ರಾಜೆಕ್ಟಾದರೆ ನಿಮ್ಮ ಪಾಲು ಯಾವುದು ಎಂದು ನೇರವಾಗಿ ಹೇಳಿ. ಸೈಂಟಿಫಿಕ್ ಕ್ಯಾಲ್ಕ್ಯುಲೇಟರ್, ಸ್ಕೇಲ್, ಪೆನ್ಸಿಲ್ ಜತೆಗಿರಲಿ.

ಲೆಕ್ಕ ಮಾಡುವಾಗ ಬಾಯಿ ಬಿಟ್ಟು ಹೇಳುತ್ತಾ ಮಾಡಿ, ಯೂನಿಟ್ ಬರೆಯಿರಿ. ಕ್ಲಾಸ್ ಸಂಖ್ಯೆ ನೆನಪಾಗದಿದ್ದರೆ ‘456ರಲ್ಲಿ ಇದೆ ಸರ್, ತೆರೆದು ನೋಡಿ ಹೇಳುತ್ತೇನೆ’ ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ಊಹಿಸಿ ಹೇಳಿದ ಅಂಕಿ ಹಿಡಿದು ಮುಂದಿನ ಮೂರು ಪ್ರಶ್ನೆ ಬರುತ್ತವೆ. ಕೊನೆಗೆ ನಿಮ್ಮ ಸರದಿ ಬಂದಾಗ ಎರಡು ಕೇಳಿ: ಹೊಸಬರ ಲೆಕ್ಕವನ್ನು ಯಾರು ಪರಿಶೀಲಿಸುತ್ತಾರೆ, ಸೈಟಿಗೆ ಕಳಿಸುತ್ತಾರೆಯೇ. ಪರಿಶೀಲಿಸುವ ಹಿರಿಯರಿಲ್ಲದ ಕಚೇರಿಯಲ್ಲಿ ಸಂಬಳ ಹೆಚ್ಚಿದ್ದರೂ ಮೊದಲ ಎರಡು ವರ್ಷ ಕಳೆಯುವುದು ಬೇಡ.